ಗುಂಡಮ್ಮನ ಮೊದಲ ಗುಳಿಗೆ

2018ನೇ ಇಸವಿ. ಸರ್ಕಾರಿ ಸೇವೆಯಿಂದ ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಬೀದರಿನ ನೌಬಾದದಲ್ಲಿ ಮನೆಯ ಮುಂದಿನ ಕೋಣೆಯನ್ನೇ ಕ್ಲಿನಿಕ್ ಮಾಡಿಕೊಂಡಿದ್ದೆ. ಬುಧವಾರ ಮಾತ್ರ ಬಸ್ಸು ಹತ್ತಿ ಔರಾದಕ್ಕೆ ಹೋಗಿ, ಅಲ್ಲಿನ ಒಂದು ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ರೋಗಿಗಳನ್ನು ನೋಡುತ್ತಿದ್ದೆ. ನಾನು ಫಿಜಿಷಿಯನ್. ಅಂದರೆ ಕತ್ತರಿ ಹಿಡಿಯದೆ, ಜ್ವರದಿಂದ ಹಿಡಿದು ಸಕ್ಕರೆ ಕಾಯಿಲೆಯವರೆಗೆ ಎಲ್ಲವನ್ನೂ ಔಷಧದಿಂದಲೇ ಬಗೆಹರಿಸಲು ನೋಡುವ ವೈದ್ಯೆ. ನರರೋಗ ತಜ್ಞೆ ಅಲ್ಲ. ಆದರೆ ಔರಾದದ ಕಡೆಯವರು ನರರೋಗ ತಜ್ಞರನ್ನು ಕಾಣಲು ಹೈದರಾಬಾದಿಗೆ ಹೋಗಿ ಬರುತ್ತಿದ್ದರು. ಅಲ್ಲಿ ಬರೆದುಕೊಟ್ಟದ್ದನ್ನು ತಿಂಗಳು ತಿಂಗಳು ನೋಡಿ, ಹೆಚ್ಚು ಕಡಿಮೆ ಮಾಡಿ, ಧೈರ್ಯ ಹೇಳಲು ಊರ ಹತ್ತಿರ ಒಬ್ಬರು ಬೇಕಿತ್ತು. ಆ ಒಬ್ಬರು ನಾನಾಗಿದ್ದೆ.

ನನ್ನ ಮನೆಮಾತು ದಖ್ಖನಿ ಉರ್ದು. ಕನ್ನಡ ಶಾಲೆಯಲ್ಲಿ ಕಲಿತದ್ದು, ಆಮೇಲೆ ಮೂವತ್ತು ವರ್ಷ ರೋಗಿಗಳು ತಿದ್ದಿದ್ದು. ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ನನಗೆ ಸಿಟ್ಟು ಬೇಗ ಬರುತ್ತದೆ. ಅದರಲ್ಲೂ ಏನು ಕೇಳಿದರೂ ‘ಹೂಂ ರೀ’ ಅನ್ನುವ ರೋಗಿ ಎದುರಿಗೆ ಕೂತರೆ ಮೈಯೆಲ್ಲ ಉರಿಯುತ್ತದೆ. ಬೈಯುವ ರೋಗಿಯನ್ನು ಸಂಭಾಳಿಸಬಹುದು, ಹೂಂಗುಟ್ಟುವವರನ್ನು ಸಂಭಾಳಿಸುವುದು ಕಷ್ಟ.

ಗುಂಡಮ್ಮ ಹೂಂಗುಟ್ಟುವವರ ಪೈಕಿ. ಠಾಣಾ ಕುಶನೂರಿನವರು, ವಯಸ್ಸು ಅರವತ್ತಮೂರು. ಆ ವರ್ಷ ಜೂನ್‌ನಲ್ಲಿ ಗಂಡ ವೈಜಿನಾಥಪ್ಪ ಹೆಂಡತಿಯನ್ನು ತೋಳು ಹಿಡಿದು ಕರೆತಂದರು. ತೊಗರಿ, ಸೋಯಾ ಬೆಳೆಯುವ ಅನುಕೂಲಸ್ಥ ಮನೆತನ. ಮಗ ಸೊಸೆ ಅದೇ ಮನೆಯಲ್ಲಿದ್ದರು. ಆದರೂ ಹೆಂಡತಿಯ ಸ್ನಾನದಿಂದ ಹಿಡಿದು ತಲೆ ಬಾಚುವವರೆಗೆ ಎಲ್ಲ ಕೆಲಸ ತನ್ನದೇ ಎಂದು ಆ ಮನುಷ್ಯ ಹಟ ಹಿಡಿದಿದ್ದರು.

ಗುಂಡಮ್ಮನಿಗೆ ಪಾರ್ಕಿನ್ಸನ್ಸ್ ಕಾಯಿಲೆ ಎಂದು ಹೈದರಾಬಾದಿನ ತಜ್ಞರು ಗುರುತಿಸಿ ಆಗಲೇ ಏಳು ವರ್ಷವಾಗಿತ್ತು. ನಮ್ಮ ಮಿದುಳಿನ ಆಳದಲ್ಲಿ ಡೋಪಮೈನ್ ಎಂಬ ರಸಾಯನವನ್ನು ತಯಾರಿಸುವ ಜೀವಕೋಶಗಳಿವೆ. ಕೈಕಾಲು ನಾವು ಹೇಳಿದಂತೆ, ಹೇಳಿದ ವೇಗದಲ್ಲಿ ಆಡಬೇಕಾದರೆ ಅದು ಬೇಕು. ಈ ಕಾಯಿಲೆಯಲ್ಲಿ ಆ ಕೋಶಗಳು ಒಂದೊಂದಾಗಿ ಸಾಯುತ್ತವೆ. ನಡಿಗೆ ನಿಧಾನವಾಗುತ್ತದೆ, ಮೈ ಬಿಗಿಯುತ್ತದೆ, ಕೈ ನಡುಗುತ್ತದೆ, ಮುಖದ ಭಾವ ಮರೆಯಾಗುತ್ತದೆ, ದನಿ ಕುಗ್ಗುತ್ತದೆ. ಸತ್ತ ಕೋಶಗಳನ್ನು ಬದುಕಿಸುವ ಔಷಧ ಇನ್ನೂ ಬಂದಿಲ್ಲ. ಇರುವುದು ಲೆವೊಡೋಪಾ ಎಂಬ ಗುಳಿಗೆ. ಅದು ಮಿದುಳಿಗೆ ಹೋಗಿ ಡೋಪಮೈನ್ ಆಗುತ್ತದೆ. ಮೊದಮೊದಲು ದಿನಕ್ಕೆ ಮೂರು ಹೊತ್ತು ನುಂಗಿದರೆ ಇಡೀ ದಿನ ಆರಾಮು. ಕೆಲವು ವರ್ಷಗಳ ನಂತರ ಒಂದೊಂದು ಗುಳಿಗೆಯ ಕಸುವು ಬೇಗ ಇಳಿಯತೊಡಗುತ್ತದೆ. ಇಳಿದಾಗ ಮೈ ಕಟ್ಟಿಗೆಯಾಗುತ್ತದೆ, ಗಂಟಲೂ ಬಿಗಿದು ನುಂಗುವುದು ಕಷ್ಟವಾಗುತ್ತದೆ. ಹಾಗೆಂದು ಒಮ್ಮೆಗೇ ಹೆಚ್ಚು ಕೊಟ್ಟರೆ ಮೈ ತಾನಾಗಿ ತಿರುಚಿ ತೊನೆಯತೊಡಗುತ್ತದೆ. ಈ ತೊನೆದಾಟಕ್ಕೆ ಡಿಸ್ಕಿನೇಸಿಯಾ ಎನ್ನುತ್ತೇವೆ. ಆದ್ದರಿಂದ ಕಾಯಿಲೆ ಹಳೆಯದಾದಂತೆ ಎಷ್ಟು ಗುಳಿಗೆ ಎಂಬುದಕ್ಕಿಂತ ಯಾವ ಹೊತ್ತಿಗೆ ಎಂಬುದೇ ಮುಖ್ಯವಾಗುತ್ತದೆ.

ಗುಂಡಮ್ಮನಿಗೆ ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು ಎಂದು ನಾಲ್ಕು ಹೊತ್ತು ಬರೆದಿತ್ತು. ಆದರೆ ವೈಜಿನಾಥಪ್ಪ ಹೇಳುತ್ತಿದ್ದುದೇ ಬೇರೆ. “ಮುಂಜಾನಿ ಕಲ್ಲಿನಂಗ ಇರ್ತಾಳ್ರಿ. ಮಧ್ಯಾಹ್ನ ಉಂಡ ಮ್ಯಾಲ ಮೈಯೆಲ್ಲ ಕುಣಿತದ್ರಿ, ಕುರ್ಚಿ ಮ್ಯಾಲ ಕೂಡ್ಲಿಕ್ಕೂ ಆಗಲ್ಲ. ಉಣ್ಣುವಾಗ ಠಸಕಿ ಹತ್ತತದ.”

ಠಸಕಿ ಎಂದರೆ ಅನ್ನ ಶ್ವಾಸನಾಳಕ್ಕೆ ಹೋಗಿ ಕೆಮ್ಮು ಒತ್ತರಿಸಿ ಬರುವುದು. ಇದೇ ಕಾರಣಕ್ಕೆ ಗುಂಡಮ್ಮನಿಗೆ ಎರಡು ಸಲ ನ್ಯುಮೋನಿಯಾ ಆಗಿಹೋಗಿತ್ತು. ಐವತ್ತಾರು ಕಿಲೋ ಇದ್ದವರು ನಲವತ್ತಮೂರಕ್ಕೆ ಇಳಿದಿದ್ದರು.

“ಗುಳಗಿ ತಪ್ಪಸದಂಗ ತಗೋತೀರಿಲ್ರಿ?” ಎಂದು ಕೇಳಿದೆ.

“ಹೂಂ ರೀ.”

“ನಾಕೂ ಹೊತ್ತು?”

“ನಾಕೂ ಗುಳಗಿ ತಗೋತೇನ್ರಿ.”

ಬೆಳಗಿನ ಬಿಗಿತಕ್ಕೆ ಗುಳಿಗೆಯ ಪ್ರಮಾಣ ಸಾಲದು ಎಂದುಕೊಂಡು, ಹೈದರಾಬಾದಿನ ತಜ್ಞರಿಗೆ ಫೋನ್ ಮಾಡಿ ಅವರ ಒಪ್ಪಿಗೆಯ ಮೇಲೆ ಸ್ವಲ್ಪ ಹೆಚ್ಚಿಸಿದೆ. ಜುಲೈನಲ್ಲಿ ಬಂದಾಗ ಬೆಳಗಿನ ಬಿಗಿತ ಇದ್ದ ಹಾಗೇ ಇತ್ತು, ಮಧ್ಯಾಹ್ನದ ತೊನೆದಾಟ ಮಾತ್ರ ಇಮ್ಮಡಿಯಾಗಿತ್ತು. ಕಡಿಮೆ ಮಾಡಿದೆ. ಆಗ ಸಂಜೆಯೂ ಬಿಗಿಯತೊಡಗಿತು. ತೂಕ ಇನ್ನೂ ಒಂದು ಕಿಲೋ ಹೋಯಿತು. ಕೊನೆಗೆ ತಜ್ಞರು ಹೇಳಿದರು: ನುಂಗುವ ಶಕ್ತಿ ಹೋಗುತ್ತಿರುವ ಹಾಗಿದೆ, ಹೀಗೇ ಇಳಿದರೆ ಇನ್ನೊಂದು ನ್ಯುಮೋನಿಯಾವನ್ನು ದೇಹ ತಡೆಯಲಾರದು, ದೀಪಾವಳಿ ಕಳೆದ ಮೇಲೆ ಹೊಟ್ಟೆಗೆ ನಳಿಕೆ ಹಾಕಿಬಿಡೋಣ. ಹೊಟ್ಟೆಯ ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ ಜಠರಕ್ಕೆ ನೇರ ನಳಿಕೆ ಇಟ್ಟು, ಅದರಿಂದಲೇ ಗಂಜಿ, ಔಷಧ ಕೊಡುವ ಏರ್ಪಾಟು ಅದು. ನಮಗೆ ಗೊತ್ತಿದ್ದ ಸಂಗತಿಗಳ ಮಟ್ಟಿಗೆ ಅವರ ಸಲಹೆ ಸರಿಯಾಗಿಯೇ ಇತ್ತು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಈ ಮಾತು ಕೇಳಿ ಗುಂಡಮ್ಮ ಅಳಲಿಲ್ಲ. ಈ ಕಾಯಿಲೆಯವರ ಮುಖದಲ್ಲಿ ಅಳು ಕೂಡ ಸರಿಯಾಗಿ ಕಾಣುವುದಿಲ್ಲ. “ಬಾಯಿಂದ ಪ್ರಸಾದ ತಗೋಳ್ಳಿಕ್ಕೆ ಬರಲ್ಲಂದ್ರ ನನಗ ಯಾವ ಊಟನೂ ಬ್ಯಾಡ್ರಿ” ಎಂದು ಅಷ್ಟೇ ಹೇಳಿದರು. ಪಿಸುಮಾತಿನಷ್ಟು ಸಣ್ಣ ದನಿ. ವೈಜಿನಾಥಪ್ಪ ನನ್ನ ಮುಖ ನೋಡಿದರು. ಅವರು ನೋಡಿದ ರೀತಿಯನ್ನು ನಾನು ಇಂದಿಗೂ ಮರೆತಿಲ್ಲ. ಏನಾದರೂ ಮಾಡಿ ಎಂದು ಬಾಯಿಬಿಟ್ಟು ಕೇಳಿದ್ದರೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಸೆಪ್ಟೆಂಬರಿನ ಒಂದು ಬುಧವಾರ ಅವರು ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಬಂದರು. ಕಣ್ಣು ಪರೀಕ್ಷಿಸಲೆಂದು ಬಗ್ಗಿದೆ. ಗುಂಡಮ್ಮನ ಹಣೆಯ ಮೇಲಿನ ವಿಭೂತಿ ಈಗಷ್ಟೇ ಹಚ್ಚಿದಂತೆ ಅಚ್ಚಬಿಳಿಯಾಗಿತ್ತು. ಲಿಂಗಾಯತರ ಆ ಮನೆಗಳಲ್ಲಿ ನಸುಕಿನಲ್ಲೇ ಸ್ನಾನ ಮಾಡಿ ವಿಭೂತಿ ಹಚ್ಚಿಕೊಳ್ಳುತ್ತಾರೆ. ಅದು ಮಧ್ಯಾಹ್ನದವರೆಗೆ ಮಾಸದೆ ಯಾಕೆ ಇರಬೇಕು? ನಾಡಿ ನೋಡಲು ಎಡಗೈ ಹಿಡಿದಾಗ ಮಣಿಕಟ್ಟಿನ ಸುತ್ತ ಹಗ್ಗದಿಂದ ಬಿಗಿದಂಥ ಕಪ್ಪು ಗುರುತು ಕಂಡಿತು.

ಆ ಕ್ಷಣ ನನಗೆ ನೆನಪಾದದ್ದು ನನ್ನ ಅಮ್ಮಿ. ಅಮ್ಮಿಗೆ ಸಕ್ಕರೆ ಕಾಯಿಲೆ ಇತ್ತು. ಒಂದು ರಂಜಾನಿನಲ್ಲಿ ಹಗಲುಪವಾಸದ ರೋಜಾ ಹಿಡಿದು, ಹಗಲಿನ ಗುಳಿಗೆಯನ್ನು ಬಿಟ್ಟು, ಸಂಜೆ ಖರ್ಜೂರ ತಿಂದು ಎರಡೂ ಗುಳಿಗೆ ಒಟ್ಟಿಗೆ ನುಂಗಿ ಅಡುಗೆಮನೆಯಲ್ಲಿ ಬಿದ್ದಿದ್ದರು. “ಗುಳಿಗೆ ತಗೊಂಡಿರಾ” ಎಂದು ಡಾಕ್ಟರ್ ಮಗಳು ದಿನಾ ಕೇಳುತ್ತಿದ್ದಳು, ಅಮ್ಮಿ ದಿನಾ ಹೌದು ಎನ್ನುತ್ತಿದ್ದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

“ನಿಮ್ಮ ಪೂಜಿ ಎಷ್ಟೊತ್ತಿಗೆ ಮುಗಿತದ್ರಿ?” ಎಂದು ಕೇಳಿದೆ.

ಗುಂಡಮ್ಮ ಗಂಡನ ಕಡೆ ನೋಡಿದರು. “ಈಗೀಗ ಹನ್ನೆರಡು ಆಗ್ತದ್ರಿ” ಎಂದರು ವೈಜಿನಾಥಪ್ಪ.

“ಆರು ಗಂಟೇದ್ದು ಗುಳಗಿ?”

“ಪೂಜಿ ಆಗದ ಹ್ಯಾಂಗ ರೀ? ನೀರ ಕೂಡ ಮುಟ್ಟಂಗಿಲ್ಲ. ಪೂಜಿ ಆದಮ್ಯಾಲ ಮುಂಜಾನಿದು, ಹತ್ತರದ್ದು ಎರಡೂ ಕೂಡಿಸಿ ಊಟದ ಜೋಡಿ ಕೊಡ್ತೇನ್ರಿ. ಒಂದೂ ತಪ್ಪಸಿಲ್ಲ.”

ಎಷ್ಟು ಹೆಮ್ಮೆಯಿಂದ ಹೇಳಿದರು! ಮುಚ್ಚಿಡಬೇಕೆಂದು ಅವರು ಮುಚ್ಚಿಟ್ಟಿರಲಿಲ್ಲ. ಸೂರ್ಯ ಮೂಡುತ್ತಾನೆ ಎಂದು ಡಾಕ್ಟರಿಗೆ ಯಾರಾದರೂ ಹೇಳುತ್ತಾರೆಯೇ? ಪೂಜೆಗೆ ಮೊದಲು ಏನೂ ಗಂಟಲಿಗೆ ಇಳಿಯದು ಎಂಬುದೂ ಅವರಿಗೆ ಹಾಗೆಯೇ, ಹೇಳುವ ವಿಷಯವೇ ಆಗಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ನಾನು ಠಾಣಾ ಕುಶನೂರಿನ ಅವರ ಮನೆಯಲ್ಲಿದ್ದೆ. ಕಣ್ಣಾರೆ ನೋಡದೆ ನನಗೆ ಸಮಾಧಾನವಿರಲಿಲ್ಲ. ಪೂಜೆಯ ಕೋಣೆಯ ಹೊಸ್ತಿಲ ಹೊರಗೆ ನಿಂತು, “ನಾ ಒಳಗ ಬರಬಹುದೇನ್ರಿ?” ಎಂದೆ.

“ಬರ್ರಿ ಡಾಕ್ಟರಬಾಯಿ, ಕೂಡ್ರಿ” ಎಂದರು ಗುಂಡಮ್ಮ. “ನನ್ನ ದೇವರು ನನ್ನ ಕೈಯಾಗ ಇರ್ತಾನ, ಕೋಣ್ಯಾಗ ಅಲ್ಲ.”

ಲಿಂಗಾಯತರ ಇಷ್ಟಲಿಂಗ ಪೂಜೆ ತಿಳಿಯದವರಿಗೆ ಎರಡು ಮಾತು. ದೀಕ್ಷೆಯಲ್ಲಿ ಗುರು ಕೊಟ್ಟ ಪುಟ್ಟ ಲಿಂಗವನ್ನು ಕರಡಿಗೆ ಎಂಬ ಬೆಳ್ಳಿಯ ಸಂಪುಟದಲ್ಲಿಟ್ಟು ಸದಾ ಕೊರಳಲ್ಲಿ ಧರಿಸುತ್ತಾರೆ. ದಿನವೂ ಅದನ್ನು ಹೊರತೆಗೆದು, ಎಡ ಅಂಗೈಯಲ್ಲಿಟ್ಟುಕೊಂಡು, ನೀರೆರೆದು, ವಿಭೂತಿ, ಪತ್ರೆ ಏರಿಸಿ, ನೆಟ್ಟ ನೋಟದಿಂದ ಧ್ಯಾನಿಸುತ್ತಾರೆ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಆ ಮನೆಯಲ್ಲಿ ಗಂಡನೂ ಮುಟ್ಟುತ್ತಿರಲಿಲ್ಲ.

ಅಂಗೈಯನ್ನು ಮೇಲೆ ಮಾಡಿ ಅಲುಗದೆ ಹಿಡಿದಿರಬೇಕು. ಪಾರ್ಕಿನ್ಸನ್ಸ್ ಇರುವವರಿಗೆ ಬಹಳ ಕಷ್ಟವಾಗುವುದು ಇದೇ. ಈ ನಡುಕ ಕೆಲಸ ಮಾಡುವ ಕೈಗಿಂತ ಸುಮ್ಮನಿರುವ ಕೈಗೇ ಹೆಚ್ಚು. ಮೇಲಾಗಿ ಹೆದರಿಕೆಯಿಂದ ಅದು ಇಮ್ಮಡಿಯಾಗುತ್ತದೆ. ವೈಜಿನಾಥಪ್ಪ ಹೆಂಡತಿಯ ಎಡಗೈಯನ್ನು ಒಂದು ಗಿಡ್ಡ ಸ್ಟೂಲಿನ ಮೇಲಿಟ್ಟು, ಹಳೆ ಸೀರೆಯ ಪಟ್ಟಿಯಿಂದ ಮಣಿಕಟ್ಟನ್ನು ಬಿಗಿಯಾಗಿ ಕಟ್ಟಿದರು. ಕಪ್ಪು ಗುರುತು ಎಲ್ಲಿಯದೆಂದು ನನಗೆ ಆಗ ತಿಳಿಯಿತು. ಹಿಂದಿನ ಸಂಜೆ ಆರರ ನಂತರ ಒಂದು ಗುಳಿಗೆಯೂ ಹೊಟ್ಟೆಗೆ ಹೋಗದ ಆ ಜೀವ ಬಲಗೈಯಿಂದ ಕರಡಿಗೆಯ ಮುಚ್ಚಳ ತೆಗೆಯಲು ಪಟ್ಟ ಪಾಡು ನೋಡಲಾಗುತ್ತಿರಲಿಲ್ಲ. ಲಿಂಗ ಅಂಗೈಗೆ ಬಂತು. ಬೆರಳುಗಳು ಕುಣಿಯತೊಡಗಿದವು. ನೀರೆರೆಯುವಷ್ಟರಲ್ಲಿ ಲಿಂಗ ಅಂಗೈಯ ಅಂಚಿಗೆ ಸರಿಯಿತು, ಗುಂಡಮ್ಮ ಬಲಗೈಯಿಂದ ಗಪ್ಪನೆ ಮುಚ್ಚಿಕೊಂಡರು. ಪತ್ರೆ ಚೆಲ್ಲಿತು. ಮತ್ತೆ ಮೊದಲಿನಿಂದ ಶುರು. ಹೀಗೆ ಶುರುವಾಗುವುದು, ನಿಲ್ಲುವುದು ಹನ್ನೆರಡರವರೆಗೆ ನಡೆಯಿತು.

ಆಮೇಲೆ ಊಟ. ಬಿಗಿದ ಗಂಟಲಿಗೆ ಮೊದಲ ತುತ್ತು, ಠಸಕಿ. ಒಟ್ಟಿಗೆ ಎರಡು ಗುಳಿಗೆ, ಜೊತೆಗೆ ರೊಟ್ಟಿ ಮತ್ತು ಗಟ್ಟಿ ತೊಗರಿ ಬೇಳೆ. ಬೇಳೆಯ ಪ್ರೋಟೀನ್ ಈ ಗುಳಿಗೆಯ ದಾರಿಗೆ ಅಡ್ಡ ನಿಲ್ಲುತ್ತದೆ. ತಡವಾಗಿ, ಎರಡರ ಕಸುವೂ ಒಮ್ಮೆಗೇ ಏರಿ ಗುಂಡಮ್ಮನ ಮೈ ತೊನೆಯತೊಡಗಿತು. ತಜ್ಞರಿಗೂ ನನಗೂ ಕಾಯಿಲೆಯ ಕೊನೆಯ ಹಂತ ಎಂದು ಕಂಡದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗಡಿಯಾರದ್ದಾಗಿತ್ತು. ನನಗೆ ಅಳುವಷ್ಟು ಸಂಕಟವಾಯಿತು, ಜೊತೆಗೆ ಒಳಗೊಳಗೆ ಸಂತೋಷವೂ ಆಯಿತು. ಕಾಯಿಲೆಯನ್ನು ಹಿಂದಕ್ಕೆ ತಿರುಗಿಸಲು ನನ್ನಿಂದ ಆಗದು, ಗುಳಿಗೆಯ ಹೊತ್ತು ತಿರುಗಿಸಬಹುದಲ್ಲ!

ಅಷ್ಟು ಸುಲಭವಿರಲಿಲ್ಲ.

“ಗುಳಗಿ ಊಟ ಅಲ್ರಿ ಗುಂಡಮ್ಮ, ಔಷಧ. ಆರಕ್ಕ ತಗೊಂಡು, ಆಮ್ಯಾಲ ಪೂಜಿ ಮಾಡ್ರಿ” ಎಂದೆ.

“ಗಂಟಲದಾಗ ಇಳಿತದಿಲ್ರಿ? ನೀರಿನ ಜೋಡಿ?”

“ಇಳಿತದ.”

“ನೀವು ರೋಜಾದಾಗ ಹಗಲೊತ್ತು ಗುಳಗಿ ತಗೋತೀರೇನ್ರಿ, ಡಾಕ್ಟರಬಾಯಿ?”

ನನಗೆ ರಕ್ತದೊತ್ತಡವಿದೆ. ರಂಜಾನಿನಲ್ಲಿ ನನ್ನ ಗುಳಿಗೆ ಸಹರಿಗೆ, ಅಂದರೆ ನಸುಕಿನ ಊಟಕ್ಕೆ, ಸರಿಯುತ್ತದೆ. ಹಗಲಲ್ಲಿ ಒಂದು ಹನಿ ನೀರೂ ಇಲ್ಲ. ಹೂಂ ರೀ ಎನ್ನುವುದೊಂದನ್ನು ಬಿಟ್ಟು ಬೇರೇನೂ ಗೊತ್ತಿಲ್ಲ ಎಂದು ನಾನು ಅಂದುಕೊಂಡಿದ್ದ ಹೆಂಗಸು ನನ್ನನ್ನು ಸರಿಯಾಗಿ ಕಟ್ಟಿಹಾಕಿದ್ದರು. ವೈಜಿನಾಥಪ್ಪ ಮುಖ ತಿರುಗಿಸಿ ನಕ್ಕರು.

ಆಮೇಲೆ ಗುಂಡಮ್ಮ ತಾವಾಗಿಯೇ ಹೇಳಿದರು: “ಕಾಲ ಬಿದ್ದುಹೋಗ್ಲಿ, ಬಾಯಿ ಬಿದ್ದುಹೋಗ್ಲಿ ರೀ. ಲಿಂಗ ಕೈಯಿಂದ ಜಾರಿ ನೆಲಕ್ಕ ಬಿದ್ದರ ನಾ ಇದ್ದು ಏನ್ ಮಾಡ್ಲಿ?” ನಳಿಕೆಗಿಂತ, ಸಾವಿಗಿಂತ ದೊಡ್ಡ ಭಯ ಅವರಿಗೆ ಇದಾಗಿತ್ತು. ಆ ಭಯವನ್ನು ಕಡಿಮೆ ಮಾಡುವ ಗುಳಿಗೆಯನ್ನು ಅದೇ ಲಿಂಗದ ಮೇಲಿನ ನಿಷ್ಠೆಯಿಂದ ಅವರು ದೂರ ಇಟ್ಟಿದ್ದರು.

ರಾತ್ರಿ ಮಲಗುವ ಮುನ್ನ ನಿಧಾನವಾಗಿ ಕರಗುವ ಒಂದು ಗುಳಿಗೆ ಸೇರಿಸಿದೆ. ಬೆಳಗಿನ ಬಿಗಿತ ತುಸು ಸಡಿಲಿತು, ಸಾಲಲಿಲ್ಲ. ಚರ್ಮಕ್ಕೆ ಅಂಟಿಸುವ ಔಷಧದ ಪಟ್ಟಿಗಾಗಿ ಹೈದರಾಬಾದಿನವರೆಗೂ ವಿಚಾರಿಸಿದೆ, ಸಿಗಲಿಲ್ಲ. ದೀಪಾವಳಿ ಹತ್ತಿರವಾಗುತ್ತಿತ್ತು. ಆಗ ವೈಜಿನಾಥಪ್ಪ, “ಆಕಿ ನನ್ನ ಮಾತು ಕೇಳಲ್ಲ, ನಿಮ್ಮದೂ ಕೇಳಲ್ಲ. ಭಾಲ್ಕಿ ಅಕ್ಕಂದು ಕೇಳ್ತಾಳ್ರಿ” ಎಂದರು.

ಭಾಲ್ಕಿಯ ಅಕ್ಕ ಎಂದರೆ ಕಾಶಿಬಾಯಿ, ಗುಂಡಮ್ಮನಿಗಿಂತ ಏಳೆಂಟು ವರ್ಷ ದೊಡ್ಡವರು. ಅಕ್ಕತಂಗಿಯರಿಬ್ಬರಿಗೂ ಒಂದೇ ದಿನ, ಒಬ್ಬರೇ ಗುರುಗಳಿಂದ ದೀಕ್ಷೆಯಾಗಿತ್ತು. ಮಂಡಿ ನೋವಿನಿಂದ ಕಾಶಿಬಾಯಿ ಎಲ್ಲಿಗೂ ಹೊರಡುತ್ತಿರಲಿಲ್ಲ, ಹಾಗಾಗಿ ನಾವೇ ಕಾರು ಮಾಡಿಕೊಂಡು ಭಾಲ್ಕಿಗೆ ಹೋದೆವು. ಪಡಸಾಲೆಯಲ್ಲಿ ಕಾಲು ಚಾಚಿ ಕೂತು ನನ್ನ ಮಾತನ್ನೆಲ್ಲ ಕೇಳಿಸಿಕೊಂಡ ಕಾಶಿಬಾಯಿ ತಂಗಿಯ ಕಡೆ ತಿರುಗಿದರು.

“ಏ ಗುಂಡಿ, ನಿನ್ನ ಮಗ ಹುಟ್ಟಿದಾಗ ನಿನಗ ಉರಿಜ್ವರ ಬಂದಿತ್ತು. ಅವ್ವ ಏನ್ ಮಾಡಿದಳು, ನೆನಪದ?”

“ಕಷಾಯ ಕುಡಿಸಿದಳು.”

“ಪೂಜಿ ಆದಮ್ಯಾಲ?”

ಗುಂಡಮ್ಮ ಕೊರಳ ಕರಡಿಗೆಯನ್ನು ಹಿಡಿದುಕೊಂಡರು. “ಜಳಕಾನೂ ಆಗಿರ್ಲಿಲ್ಲ. ಬಟ್ಟಲ ತಂದು ಕರಡಗಿಗೆ ತೋರಿಸಿ ಕುಡಿಸಿದಳು.”

“ಯಾಕ ತೋರಿಸಿದಳು?”

“ಲಿಂಗಕ್ಕ ಕೊಟ್ಟ ಮ್ಯಾಲ ಅದು ಪ್ರಸಾದ ಆಗ್ತದಂತ.”

“ಕಷಾಯ ಪ್ರಸಾದ ಆಗ್ತದ. ಮತ್ತ ಈ ಗುಳಗಿ ಏನ್ ಪಾಪ ಮಾಡೇದ?”

ನನಗೆ ಎದ್ದು ಆ ಮುದುಕಿಯ ಕೈಗೆ ಮುತ್ತಿಡಬೇಕು ಅನ್ನಿಸಿತು. ಲಿಂಗಕ್ಕೆ ಅರ್ಪಿಸದೆ ಏನನ್ನೂ ತೆಗೆದುಕೊಳ್ಳಬಾರದು ಎಂಬುದು ಅವರ ನೇಮ. ಅರ್ಪಿಸಿ ತೆಗೆದುಕೊಳ್ಳುವುದಕ್ಕೆ ಅಡ್ಡಿಯಿಲ್ಲ ಎಂದು ಅವರ ಮನೆಯಲ್ಲೇ, ಅವರ ಅವ್ವನೇ ತೋರಿಸಿಕೊಟ್ಟಿದ್ದರು. ನಾನು ನೂರು ವರ್ಷ ವಾದ ಮಾಡಿದ್ದರೂ ಈ ಬಾಗಿಲು ನನಗೆ ಕಾಣುತ್ತಿರಲಿಲ್ಲ.

ಗುಂಡಮ್ಮನ ಕಣ್ಣಿಂದ ನೀರಿಳಿಯಿತು. “ಎಲ್ಲಾ ಅಂವಗ ಕೊಟ್ಟೆ ಅಕ್ಕ. ನನ್ನ ಬ್ಯಾನಿ ಒಂದು ಕೊಟ್ಟಿರ್ಲಿಲ್ಲ” ಎಂದರು.

ಮರುದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ನನ್ನ ಫೋನ್ ರಿಂಗಾಯಿತು. ವೈಜಿನಾಥಪ್ಪ. ಆರಕ್ಕೆ ಗುಳಿಗೆಯನ್ನು ಗುಂಡಮ್ಮನೇ ಕೈಯಲ್ಲಿ ಹಿಡಿದು ಕೊರಳ ಕರಡಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಒಂದು ಗುಟುಕು ನೀರಿನೊಂದಿಗೆ ತೆಗೆದುಕೊಂಡಿದ್ದರಂತೆ. ಮೈ ಸಡಿಲಾಗುವವರೆಗೆ ಕಾದು ಸ್ನಾನ, ಆಮೇಲೆ ಪೂಜೆ. “ಪೂಜಿ ಆತ್ರಿ” ಎಂದರು. ಹಿಂದೆಯೇ, “ಉಂಡಳ್ರಿ. ಠಸಕಿ ಹತ್ತಲಿಲ್ಲ” ಎಂದರು.

ಬೆಳಗಿನ ಊಟಕ್ಕೆ ಜೋಳದ ಅಂಬಲಿ, ಬೇಳೆ ರಾತ್ರಿಗೆ ಮಾತ್ರ ಎಂದು ಗೊತ್ತುಮಾಡಿದೆ. “ತೊಗರಿ ಬೆಳಿಯೋರ ಮನ್ಯಾಗ ಹಗಲ ಬ್ಯಾಳಿ ಬಂದ್ ಮಾಡಿಸಿದ್ರಿ” ಎಂದು ವೈಜಿನಾಥಪ್ಪ ದೂರಿದರು, ತಾವೂ ಹಗಲು ಬೇಳೆ ಬಿಟ್ಟರು. ಗುಳಿಗೆಗಳು ನಾಲ್ಕು ಹೊತ್ತಿಗೆ ಸರಿಯಾಗಿ ಹಂಚಿಹೋದ ಮೇಲೆ ಮಧ್ಯಾಹ್ನದ ತೊನೆದಾಟ ತುಂಬ ಇಳಿಯಿತು. ಮಣಿಕಟ್ಟಿನ ಗುರುತು ಮಾಸಿತು. ದೀಪಾವಳಿ ಕಳೆದು ತೂಕ ನೋಡಿದಾಗ ನಲವತ್ತನಾಲ್ಕು, ಮುಂದಿನ ಬೇಸಿಗೆಯ ಹೊತ್ತಿಗೆ ನಲವತ್ತೊಂಬತ್ತು. ನಳಿಕೆ ಸದ್ಯಕ್ಕೆ ಬೇಡ ಎಂದು ಹೈದರಾಬಾದಿನ ತಜ್ಞರು ಸಂತೋಷದಿಂದಲೇ ಹೇಳಿದರು. ಈಗ ಅವರೂ ತಮ್ಮ ರೋಗಿಗಳನ್ನು ಪೂಜೆ, ನಮಾಜಿನ ಹೊತ್ತು ಕೇಳುತ್ತಾರಂತೆ.

ಕಾಯಿಲೆ ಅಲ್ಲಿಗೇ ನಿಂತಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ತನ್ನ ಪಾಡಿಗೆ ನಡೆಯುತ್ತಲೇ ಇತ್ತು. ಮೂರು ವರ್ಷ ಕಳೆಯುವುದರೊಳಗೆ ಹೊಸ್ತಿಲು ಬಂದರೆ ಕಾಲು ನೆಲಕ್ಕೆ ಅಂಟಿಕೊಳ್ಳತೊಡಗಿತು, ಎರಡು ಸಲ ಬಿದ್ದರು. ಸಂಜೆ ಹೊತ್ತು ಅಂಗಳದಲ್ಲಿ ಇಲ್ಲದ ಬೆಕ್ಕು ಕಾಣುತ್ತಿತ್ತು. ಇದೂ ಈ ಕಾಯಿಲೆಯ, ಈ ಔಷಧಗಳ ದಿನಗಳೆದಂತೆ ಬರುವ ತೊಡಕುಗಳಲ್ಲಿ ಒಂದು. ಅದಕ್ಕಾಗಿ ಗುಳಿಗೆ ತಗ್ಗಿಸಬೇಕಾಯಿತು, ತಗ್ಗಿಸಿದಾಗ ಕೈ ನಡುಕ ಮರಳಿತು. ಆದರೆ ಗುಂಡಮ್ಮ ಇಂದಿಗೂ ಬಾಯಿಂದಲೇ ಉಣ್ಣುತ್ತಿದ್ದಾರೆ, ಮೆತ್ತಗೆ ಕಲಸಿದ ಅನ್ನವನ್ನು, ನಿಧಾನವಾಗಿ.

ಕಳೆದ ಶ್ರಾವಣದಲ್ಲಿ ಅವರನ್ನು ನೋಡಲು ಠಾಣಾ ಕುಶನೂರಿಗೆ ಹೋಗಿದ್ದೆ. ಗುಂಡಮ್ಮ ಪೂಜೆಗೆ ಕೂತಿದ್ದರು. ಈ ಸಲ ಸ್ಟೂಲು ಇರಲಿಲ್ಲ, ಸೀರೆಯ ಪಟ್ಟಿ ಇರಲಿಲ್ಲ. ಎದುರಿಗೆ ವೈಜಿನಾಥಪ್ಪ ಚಕ್ಕಳಮಕ್ಕಳ ಹಾಕಿ ಕೂತು, ಹೆಂಡತಿಯ ಎಡಗೈಯ ಕೆಳಗೆ ತಮ್ಮ ಎರಡೂ ಕೈ ಕೊಟ್ಟಿದ್ದರು. ಗುಂಡಮ್ಮನ ಬೆರಳುಗಳು ನಡುಗುತ್ತಿದ್ದವು, ಅಂಗೈ ಮಾತ್ರ ಸ್ಥಿರವಾಗಿತ್ತು. ಅದರ ಮೇಲೆ ಲಿಂಗ, ಲಿಂಗದ ಮೇಲೆ ಒಂದು ಬಿಲ್ವಪತ್ರೆ.

ನಾನು ನೋಡುತ್ತಿರುವುದನ್ನು ಕಂಡು ವೈಜಿನಾಥಪ್ಪನಿಗೆ ಸಂಕೋಚವಾಯಿತು. ತಾವೇನೋ ನೇಮ ಮೀರಿದ್ದಾರೆಂದು ನಾನು ತಿಳಿದೇನು ಎಂಬ ಅಂಜಿಕೆ ಇರಬೇಕು. ಮೆಲ್ಲಗೆ ಹೇಳಿದರು: “ನಾ ಲಿಂಗ ಮುಟ್ಟಿಲ್ರಿ. ಲಿಂಗ ಆಕಿ ಕೈಯಾಗೇ ಅದ. ನಾ ಆಕಿ ಕೈ ಹಿಡದೇನಿ ಅಷ್ಟೇ.”

ವೈದ್ಯೆಯಾಗಿ ನಾನು ಕಲಿತದ್ದನ್ನು ಯಾರಾದರೂ ಕೇಳಿದರೆ ಈಗ ಈ ಮಾತನ್ನೇ ಹೇಳುತ್ತೇನೆ. ರೋಗಿ ತನ್ನ ಕೈಯಲ್ಲಿ ಏನನ್ನು ಹಿಡಿದುಕೊಂಡು ಬದುಕುತ್ತಿದ್ದಾರೆ ಎಂದು ಮೊದಲು ಕೇಳಬೇಕು. ಅದನ್ನು ಬಿಡಿಸಲು ಹೋಗಬಾರದು. ನಮ್ಮ ಕೆಲಸ ಆ ಕೈಯನ್ನು ಹಿಡಿಯುವುದು, ಅಷ್ಟೇ.